ಹುಲ್ಲುಕರುವಿನ ಹೊಟ್ಟೆಯ ಮೈಕು

ದೆವ್ವ, ಗಾಳಿ, ಪೀಡೆ ಎಂದು ಯಾರಾದರೂ ಶುರು ಮಾಡಿದರೆ ನನಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಕುತೂಹಲ. ಪ್ರಾಣಿಗಳ ಸಾಕ್ಷ್ಯಚಿತ್ರಗಳಿಗೆ ಶಬ್ದ ದಾಖಲಿಸುವುದು ನನ್ನ ಕಸುಬು. ಗೆಳತಿಯೊಬ್ಬಳ ಮನೆಯಲ್ಲಿ ಅಳುತ್ತಿದ್ದ ‘ಹೆಂಗಸು’ ಕೊಳಾಯಿಯೊಳಗೆ ಸಿಕ್ಕಿಕೊಂಡ ಗಾಳಿ ಎಂದು ಕಂಡುಹಿಡಿದು ಕೊಟ್ಟವಳು ನಾನೇ. ಅವಳಿಗೆ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಾಯಿತು, ಪಾಪ. ಸದ್ದು ಎಂದ ಮೇಲೆ ಅದನ್ನು ಮಾಡಿದ್ದು ಏನೋ ಒಂದು ಇರಲೇಬೇಕು ಎಂಬುದು ನನ್ನ ಹಟ.

ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಇಂಥವೆಲ್ಲ ಅಮಾವಾಸ್ಯೆಯ ರಾತ್ರಿಯೇ ನಡೆಯಬೇಕೆಂಬ ಪದ್ಧತಿ ಬೇರೆ ಇದೆ. ನನ್ನದು ನಡೆದದ್ದು ಬೆಳಗ್ಗೆ, ಹಾಲು ಕರೆಯುವ ಹೊತ್ತಿನಲ್ಲಿ.

ಕೆಲವು ವರ್ಷಗಳ ಹಿಂದೆ ಒಂದು ವಿಜ್ಞಾನ ವಸ್ತುಸಂಗ್ರಹಾಲಯದವರು ನಮ್ಮಿಂದ ಸಣ್ಣ ಚಿತ್ರವೊಂದನ್ನು ಮಾಡಿಸಿದರು. ಅವರಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ಚರ್ಮಕ್ಕೆ ಏನೇನೋ ತುಂಬಿ ನಿಲ್ಲಿಸಿದ ಚಿರತೆಯೊಂದಿದೆ. ಚಿರತೆಯ ನೆರೆಯಲ್ಲೇ ದನ ಸಾಕಿಕೊಂಡು ಬದುಕುವವರನ್ನು ಅದರ ಪಕ್ಕದ ಪರದೆಯ ಮೇಲೆ ತೋರಿಸಬೇಕೆಂದು ಅವರ ಆಸೆ. ಹಾಗೆ ನಾನೂ ಕ್ಯಾಮೆರಾ ಹಿಡಿಯುವ ರವಿಯೂ ಘಟ್ಟ ಹತ್ತಿ, ದಿಂಬಂನಲ್ಲಿ ಚಳಿಗೆ ಎರಡೆರಡು ಟೀ ಕುಡಿದು, ತಿಗನಾರೆ ಎಂಬ ಕಾಡಂಚಿನ ಹಳ್ಳಿಗೆ ಹೋದೆವು.

ಅಲ್ಲಿ ನಮಗೆ ಸಿಕ್ಕಿದವರು ಮಾದಮ್ಮ. ಐವತ್ತು ದಾಟಿದ ಹೆಂಗಸು, ಮಗ ಶಿವಣ್ಣನ ಜೊತೆ ಕೂಲಿಗೆ ಹೋಗುವವರು. ಮನೆಗಿದ್ದದ್ದು ಒಂದೇ ಹಸು, ಕೆಂಪಿ. ನಾವು ಹೋಗುವುದಕ್ಕೆ ಸ್ವಲ್ಪ ದಿನ ಮೊದಲು ಅದರ ಎಳೆಗರುವನ್ನು ಹೊಲದಂಚಿನಲ್ಲಿ ಚಿರತೆ ಹಿಡಿದಿತ್ತು. ಜನ ಕೂಗಿದ್ದಕ್ಕೆ ಬಿಟ್ಟು ಓಡಿತು, ಆದರೆ ಕರು ಒಂದೆರಡು ದಿನ ನರಳಿ ಸತ್ತುಹೋಯಿತು. ಅಂದಿನಿಂದ ಕೆಂಪಿ ಕೆಚ್ಚಲು ಮುಟ್ಟಿದರೆ ಒದೆಯುತ್ತಿತ್ತು, ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು.

ಇದಕ್ಕೆ ಹಿಂದಿನವರು ಮಾಡುತ್ತಿದ್ದ ಉಪಾಯವನ್ನೇ ಅವರೂ ಮಾಡಿದ್ದರು. ಸತ್ತ ಕರುವಿನ ತೊಗಲಿಗೆ ಉಪ್ಪು, ಅರಿಸಿನ ಹಚ್ಚಿ ಒಣಗಿಸಿ, ಒಳಗೆ ರಾಗಿಹುಲ್ಲು ತುಂಬಿ ಹೊಲಿದು, ಕಾಲಿಗೆ ಬಿದಿರಿನ ಕಡ್ಡಿ ಕೊಟ್ಟು ನಿಲ್ಲಿಸಿದ ಹುಲ್ಲುಕರು. ತಾಯಿ ಅದನ್ನು ನೆಕ್ಕುತ್ತಾ ನೆಕ್ಕುತ್ತಾ ಹಾಲು ಇಳಿಸಬೇಕು. ನಮ್ಮ ಗಾಜಿನ ಪೆಟ್ಟಿಗೆಯ ಚಿರತೆಗೂ ಇದಕ್ಕೂ ಏನು ವ್ಯತ್ಯಾಸ ಎಂದು ನಾನು ರವಿಯನ್ನು ಕೇಳಿದೆ. ಅದು ಮಕ್ಕಳು ಹೆದರಲೆಂದು, ಇದು ತಾಯಿ ನಂಬಲೆಂದು, ಅಷ್ಟೇ ಅಂದ. ಆದರೆ ಕೆಂಪಿ ನಂಬಲಿಲ್ಲ. ಮೂಸುವುದು, ಮುಖ ತಿರುಗಿಸುವುದು, ದಿನವೂ ಇದೇ ಆಯಿತು.

ಶಿವಣ್ಣ ಕೆಟ್ಟವನಲ್ಲ, ಲೆಕ್ಕಾಚಾರದ ಮನುಷ್ಯ. “ನಾಳ ಯಾಪಾರಿ ವಂಡಿ ಬತ್ತದ ಕಣವ್ವ. ಆಲು ಕೊಡ್ದೇ ಇರ ಅಸೀಗ ಎಷ್ಟ್ ದಿನ ಅಂತ ಮೇವ್ ಆಕದು?” ಅಂದ. ದನದ ವ್ಯಾಪಾರಿಯ ಆ ಗಾಡಿ ಹತ್ತಿದ ದನ ಎಲ್ಲಿಗೆ ಹೋಗುತ್ತದೆಂದು ಊರಿನಲ್ಲಿ ಯಾರೂ ಕೇಳುವುದಿಲ್ಲ. ಕೆಂಪಿಯನ್ನು ಕರುವಾಗಿನಿಂದ ಸಾಕಿದ ಮಾದಮ್ಮ, “ನಾಳೀಕ್ ಬೆಳಗ್ಗ ಒಂದ್ ಕಿತ ನೋಡ್ತೀನಿ ಕಲಾ. ಆಗ್ನಿಲ್ಲ ಅಂದ್ರ ನಿನ್ನಿಷ್ಟ” ಅಂದರು.

ನನಗೆ ಬೇಕಿದ್ದದ್ದು ನಾಲಿಗೆಯ ಸದ್ದು. ಹಸು ನೆಕ್ಕುವಾಗಿನ ಆ ಗರಗಸದಂಥ ಸದ್ದು ದೂರದಿಂದ ಸರಿಯಾಗಿ ಸಿಗುವುದಿಲ್ಲ. ಅದಕ್ಕೆ ಹುಲ್ಲುಕರುವಿನ ಕತ್ತಿನ ಹೊಲಿಗೆ ಸ್ವಲ್ಪ ಬಿಚ್ಚಿ, ಅಂಗಿಗೆ ಸಿಕ್ಕಿಸುವಂಥ ವೈರ್‌ಲೆಸ್ ಮೈಕೊಂದನ್ನು ಹುಲ್ಲಿನೊಳಗೆ ಇಡಲೇ ಎಂದು ಕೇಳಿದೆ. “ಕರೆಂಟ್ ಗಿರೆಂಟ್ ಒಡಿಯಕಿಲ್ವ ನನ್ ಅಸೀಗ?” ಎಂದು ಮಾದಮ್ಮ ಅನುಮಾನಿಸಿದರು. ಇಲ್ಲವೆಂದು ಆಣೆ ಮಾಡಿದ ಮೇಲೆ ತಾವೇ ಕೂತು ಹೊಲಿಗೆ ಹಾಕಿಕೊಟ್ಟರು.

ಮರುದಿನ ಬಿಸಿಲು ಆಗಷ್ಟೇ ಬಿದ್ದಿತ್ತು. ಶಿವಣ್ಣ ಹೊಸ ಹಗ್ಗ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ. ಮಾದಮ್ಮ ಹುಲ್ಲುಕರುವನ್ನು ಕೆಂಪಿಯ ಮುಂದಿಟ್ಟು ಕೆಚ್ಚಲ ಬಳಿ ಕೂತರು. ನಾನು ಹೆಡ್‌ಫೋನ್ ಹಾಕಿಕೊಂಡೆ. ಹುಲ್ಲಿನ ಸರಸರ, ಕೆಂಪಿಯ ಉಸಿರು. ಅದು ಮೂಸಿತು, ಮುಖ ತಿರುಗಿಸಿತು. ಮಾದಮ್ಮ ಎಷ್ಟು ನೀವಿದರೂ ಪಾತ್ರೆಗೆ ಒಂದು ಹನಿ ಬೀಳಲಿಲ್ಲ. ಅವರು ಕೆಂಪಿಯ ಹೊಟ್ಟೆಗೆ ಹಣೆ ಒತ್ತಿಕೊಂಡು ಕೂತುಬಿಟ್ಟರು.

ಆಗ ಕರು ಕೂಗಿತು.

ನನ್ನ ಎರಡೂ ಕಿವಿಯಲ್ಲಿ, ಹೆಡ್‌ಫೋನಿನೊಳಗೆ. ದೂರದ ಸದ್ದಿಗೂ ಹತ್ತಿರದ ಸದ್ದಿಗೂ ಇರುವ ಅಂತರ ನನಗೆ ನಿದ್ದೆಗಣ್ಣಿನಲ್ಲೂ ಗೊತ್ತಾಗುತ್ತದೆ. ಇದು ಪಕ್ಕದ ಕೊಟ್ಟಿಗೆಯದಲ್ಲ, ಮೈಕಿಗೆ ಬಾಯಿ ಇಟ್ಟು ಕೂಗಿದಂತೆ ಇತ್ತು. ಸಣ್ಣ ಕೂಗು, ನಡುವೆ ಒಮ್ಮೆ ಕಡಿದು ಮತ್ತೆ ಮುಂದುವರಿಯಿತು. ಮರುಕ್ಷಣವೇ ಕೆಂಪಿಯ ಕಿವಿ ನಿಮಿರಿತು. ಅದು ತಿರುಗಿ, ಬಾಯಿ ತೆರೆಯದೆ, ಹಸುಗಳು ಎಳೆಗರುವಿನೊಂದಿಗೆ ಮಾತ್ರ ಆಡುವ ಆ ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟಿತು. ನೆಕ್ಕಲು ತೊಡಗಿತು. ಪಾತ್ರೆಗೆ ಹಾಲು ಬೀಳುವ ಸದ್ದು ಕೇಳಿ ಶಿವಣ್ಣ ಹಗ್ಗ ಕೆಳಗಿಟ್ಟ.

“ಕರು ಕೂಗಿದ್ದು ಕೇಳಿಸಿತಾ?” ಎಂದೆ. ಯಾರಿಗೂ ಕೇಳಿಸಿರಲಿಲ್ಲ. ರವಿ ನನ್ನ ಮುಖವನ್ನೇ ನೋಡಿದ. ಅಕ್ಕಪಕ್ಕದ ಕೊಟ್ಟಿಗೆಗಳನ್ನೆಲ್ಲ ಸುತ್ತಿ ಬಂದೆ, ಒಂದು ಎಳೆಗರುವೂ ಇರಲಿಲ್ಲ. ವೈರ್‌ಲೆಸ್‌ನಲ್ಲಿ ಎಲ್ಲಿಯದೋ ಸದ್ದು ನುಸುಳುವುದುಂಟು. ಆದರೆ ಹಾಗೆ ನುಸುಳಿದ್ದರೆ ಅದು ರೆಕಾರ್ಡ್ ಆಗಿರಬೇಕು, ನಾನು ಹೆಡ್‌ಫೋನಿನಲ್ಲಿ ಕೇಳುವುದೆಲ್ಲ ರೆಕಾರ್ಡ್ ಮಾಡುವ ಯಂತ್ರದ ಮೂಲಕವೇ ಬರುವುದು. ಹಾಕಿ ಕೇಳಿದೆ. ಹುಲ್ಲಿನ ಸರಸರ ಇದೆ, ಕೆಂಪಿಯ ಉತ್ತರವಿದೆ. ಕೂಗು ಇಲ್ಲ. ಸರಿ, ನನ್ನ ಕಿವಿಗೆ ಭ್ರಮೆ ಎನ್ನೋಣ. ಕೆಂಪಿ ಉತ್ತರ ಕೊಟ್ಟದ್ದು ಯಾವುದಕ್ಕೆ? ಆ ಉತ್ತರವನ್ನು ಚಿತ್ರದಲ್ಲಿ ಹಾಗೆಯೇ ಬಳಸಿದ್ದೇವೆ. ವಸ್ತುಸಂಗ್ರಹಾಲಯಕ್ಕೆ ಹೋದವರು ಈಗಲೂ ಕೇಳಬಹುದು.

ವ್ಯಾಪಾರಿಯ ವಂಡಿ ಬಂದು ಬರಿದೇ ಹೋಯಿತು. ಆಮೇಲೆ ಮಾದಮ್ಮ ನನ್ನ ಪಕ್ಕ ಬಂದು ಕೂತು, “ಎಂಗ್ ಕೂಗ್ತು? ಒಸಿ ಕೂಗ್ ತೋರ್ಸವ್ವ” ಅಂದರು.

ನನಗೆ ನಾಚಿಕೆಯಾಯಿತು. ನಾವು ಬರುವ ಮೊದಲೇ ಸತ್ತ ಆ ಕರುವಿನ ದನಿಯನ್ನು ನಾನು ಒಮ್ಮೆಯೂ ಕೇಳಿದವಳಲ್ಲ. ಆದರೂ ಕಿವಿಯಲ್ಲಿ ಉಳಿದಿದ್ದಂತೆಯೇ, ನಡುವೆ ಕಡಿದು, ಮತ್ತೆ ಎಳೆದು ಕೂಗಿದೆ. ರವಿ ನಕ್ಕ. ಮೇವು ತಿನ್ನುತ್ತಿದ್ದ ಕೆಂಪಿ ತಲೆ ಕೂಡ ಎತ್ತಲಿಲ್ಲ. ಮಾದಮ್ಮ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಅದೇಯ. ಚಿರ್ತ ಗಂಟ್ಲು ಕಚ್ಚುದ್ ಮ್ಯಾಲ ಅಂಗೇಯ ಕೂಗ್ತಿತ್ತು, ಅರ್ಧಕ್ಕ ನಿಂತ್ಕಂಡು. ಅದಕ್ ಮುಂಚ ಅಂಗಿರ್ನಿಲ್ಲ.”

ಆಮೇಲೆ ನನ್ನ ಕಡೆ ತಿರುಗಿದಾಗ ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ನೊಂದುಕೊಂಡಿದ್ದರು.

“ಎಲ್ಡ್ ರಾತ್ರಿ ತೊಡ ಮ್ಯಾಲ ಮಲಗುಸ್ಕಂಡ್ ಕುಂತಿದ್ದೋಳು ನಾನು ಕಣವ್ವ. ನಿಂಗ ಕೇಳುಸ್ತು. ನಂಗ ಯಾಕ ಕೇಳುಸ್ನಿಲ್ಲ?”

ಅಂದು ಅವರ ಕೈ ಹಿಡಿದು ಕೂತೆ. ಇಂದು ಬಂದು ಕೇಳಿದರೂ ಅಷ್ಟೇ ಮಾಡಬಲ್ಲೆ.