ಬಾಟ್ಲಿ ಮಾಮ ಕಣ್ಣಾರೆ ಕಂಡದ್ದು

ಇಡೀ ಇಲಾಖೆ ಅವನನ್ನು ಬಾಟ್ಲಿ ಮಾಮ ಎಂದೇ ಕರೆಯುತ್ತಿತ್ತು. ಹೆಸರು ಕೇಳಿ ಕುಡುಕನೆಂದು ತಿಳಿಯಬೇಡಿ. ಚಹಾ ಕುಡಿಯುವುದಕ್ಕೂ ಹಿಂದೆ ಮುಂದೆ ನೋಡುವ ಪ್ರಾಣಿ ಅದು. ನೀರು ಸರಬರಾಜು ಇಲಾಖೆಗಾಗಿ ಬೀದಿ ಬೀದಿ ಅಲೆದು, ಪರೀಕ್ಷೆಗೆಂದು ನಲ್ಲಿನೀರನ್ನು ಬಾಟಲಿಯಲ್ಲಿ ತುಂಬಿ ತರುವುದು ಅವನ ಕೆಲಸ. ಹೊರಗಿನ ಕ್ರಿಮಿ ಸೇರದಿರಲೆಂದು ನಲ್ಲಿಯ ಬಾಯಿಗೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯ ಬೆಂಕಿ ಹಿಡಿದು, ಸ್ವಲ್ಪ ಹೊತ್ತು ನೀರು ಹರಿಯಬಿಟ್ಟು, ಬಾಟಲಿಯ ಬಾಯಿಗೆ ಬೆರಳು ತಾಗದಂತೆ ತುಂಬುತ್ತಿದ್ದ. ನೋಡಿದವರು ನೌಕರನೆಂದರೆ ಇವನಪ್ಪಾ ಅನ್ನಬೇಕು.

ಆದರೆ ಆ ಬಾಟಲಿಗೆ ಮೊದಲೇ ಬ್ಲೀಚಿಂಗ್ ಪೌಡರಿನ ನೀರು ನಾಲ್ಕು ಹನಿ ಬಿದ್ದಿರುತ್ತಿತ್ತು. ಪ್ರಯೋಗಾಲಯ ಮುಟ್ಟುವಷ್ಟರಲ್ಲಿ ಕ್ರಿಮಿಗಳೆಲ್ಲ ಸತ್ತು, ಊರಿನ ನೀರು ಶುದ್ಧವಾಗಿದೆ ಎಂದು ವರದಿ ಹೋಗುತ್ತಿತ್ತು. ಹಿಂದಿನ ಸಾಹೇಬರು ಅವನಿಗೆ ಕಲಿಸಿದ ಉಪಾಯ. ಸಾಹೇಬರು ಬದಲಾದರು, ಉಪಾಯ ಬದಲಾಗಲಿಲ್ಲ. ಕೆಳಗಿನ ಬೀದಿಗಳಲ್ಲಿ ಒಡೆದ ಪೈಪಿಗೆ ಚರಂಡಿ ಸೇರುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಊರ ಉಸಾಬರಿ ನನಗ್ಯಾಕೆ ಎಂದು ಸುಮ್ಮನಿದ್ದ.

ಹೊಸದಾಗಿ ಬಂದ ಕೆಮಿಸ್ಟ್ ಹುಡುಗಿ ಒಂದು ದಿನ ಬಾಟಲಿ ಮೂಸಿ ನೋಡಿದಳು. “ಮಾಮ, ಇದೇನು ಘಾಟು ವಾಸನೆ?”

ಅವನ ಕಿರಿಮಗಳ ವಯಸ್ಸು ಅವಳದು. ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಅವಳೆದುರು ಕಕ್ಕಿಬಿಟ್ಟ. ಎದೆಯ ಭಾರ ಇಳಿದು, ಅಂದು ಮನೆಯಲ್ಲಿ ಹೆಂಡತಿಯನ್ನು ರೇಗಿಸುತ್ತ ಊಟ ಮಾಡಿದ. ಒಳ್ಳೆಯವನಾಗಲು ಅಷ್ಟೇ ಸಾಕೆಂದು ಪುಣ್ಯಾತ್ಮ ತಿಳಿದಿದ್ದ.

ಅವಳು ಮೇಲಿನ ಕಚೇರಿಗೆ ದೂರು ಕೊಟ್ಟಳು. ದೂರು ಕೊಟ್ಟವರ ಹೆಸರು ಗುಟ್ಟಾಗಿರುತ್ತದೆ ಎಂದು ನಿಯಮ ಹೇಳುತ್ತದೆ. ನಿಯಮಕ್ಕೇನು, ಹೇಳುತ್ತಲೇ ಇರುತ್ತದೆ. ಆಫೀಸಿನ ಜವಾನನ ಬಾಯಲ್ಲೂ ಅವಳ ಹೆಸರು ಓಡಾಡಿತು. ಅವಳು ಬಂದು ಕೂತರೆ ಊಟದ ಮೇಜು ಖಾಲಿಯಾಗುತ್ತಿತ್ತು. ಬಾಟ್ಲಿ ಮಾಮ ಕೂಡ ಡಬ್ಬಿ ಮುಚ್ಚಿಕೊಂಡು ಎದ್ದ.

ವಿಚಾರಣೆಗೆ ಮುಂಚೆ ಸಾಹೇಬರು ಅವನನ್ನು ಕರೆಸಿದರು. ಆ ಕೋಣೆಯಲ್ಲಿ ಅವನಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು.

“ನೀನೇ ಹಾಕಿದ್ದು ಅಂತ ಆದ್ರೆ ಕೆಲಸಾನೂ ಇಲ್ಲ, ಪೆನ್ಷನ್ನೂ ಇಲ್ಲ,” ಎಂದರು ಸಾಹೇಬರು. “ಇಲಾಖೆಗೆ ಮಸಿ ಬಳಿಯೋಕೆ ಅವಳೇ ಬೆರೆಸಿದ್ದು ಅಂತ ಆದ್ರೆ, ನೀನು ಆರಾಮಾಗಿ ರಿಟೈರ್ ಆಗ್ಬಹುದು. ಯೋಚನೆ ಮಾಡು.”

ಅವನು ಯೋಚನೆಯನ್ನೇ ಮಾಡಲಿಲ್ಲ. ಮುಂದೆ ನೆನೆದಾಗಲೆಲ್ಲ ಅವನ ತಲೆ ತಗ್ಗಿಸುತ್ತಿದ್ದುದು ಇದೇ. ಸ್ವಲ್ಪ ತಡವರಿಸಿದ್ದರೂ ಆಗುತ್ತಿತ್ತು. ವಿಚಾರಣಾಧಿಕಾರಿಯ ಎದುರು ಮಾತು ಬಾಯಿಪಾಠ ಒಪ್ಪಿಸಿದಂತೆ ಬಂತು: “ನಾನು ತಂದಿದ್ದು ಬರೀ ನೀರು ಸಾರ್. ಬೆರೆಸಿದ್ದು ಮೇಡಂ. ನಾನೇ ಕಣ್ಣಾರೆ ನೋಡಿದೀನಿ.”

ಅವಳನ್ನು ಅಮಾನತು ಮಾಡಿದರು. ಸಾಕ್ಷಿ ಹೇಳಿದವರಾರೆಂದು ಆದೇಶದಲ್ಲಿ ಇರಲಿಲ್ಲ. ಗುಟ್ಟು ಕಾಪಾಡುವುದು ಇಲಾಖೆಗೆ ಬರುವುದಿಲ್ಲ ಎಂದು ಯಾರೂ ದೂರುವಂತಿಲ್ಲ.

ಅವಳು ರಟ್ಟಿನ ಪೆಟ್ಟಿಗೆಗೆ ತನ್ನ ಸಾಮಾನು ತುಂಬಿಕೊಂಡು ಹೊರಟಾಗ ಒಬ್ಬರೂ ತಲೆ ಎತ್ತಲಿಲ್ಲ. ಬಾಟ್ಲಿ ಮಾಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೋಗಿ ಪೆಟ್ಟಿಗೆ ಇಸಿದುಕೊಂಡು, ಗೇಟಿನಾಚೆ ನಿಂತಿದ್ದ ಬಾಡಿಗೆ ಗಾಡಿಯವರೆಗೂ ಹೊತ್ತು ನಡೆದ. ಹೇಳಿಬಿಡಬೇಕೆಂದೇ ಹೊರಟಿದ್ದ.

“ಇಷ್ಟು ಜನದಲ್ಲಿ ನೀವೊಬ್ರೇ ಬಂದ್ರಿ ಮಾಮ,” ಎಂದಳು. ಕಣ್ಣು ತುಂಬಿಕೊಂಡಿದ್ದಳು. “ನೀವೇನೂ ಹೆದರ್ಬೇಡಿ. ಬ್ಲೀಚಿಂಗ್ ವಿಷಯ ನಂಗೆ ಯಾರು ಹೇಳಿದ್ದು ಅಂತ ಬಾಯಿ ಬಿಟ್ರೆ ನನ್ನನ್ನ ಬಿಟ್ಬಿಡ್ತೀವಿ ಅಂದ್ರು. ನಾನೇ ಕಂಡುಹಿಡಿದೆ ಅಂತ ಹೇಳ್ದೆ.”

ಅವನು ಬಾಯಿ ತೆರೆದ.

“ಹುಷಾರಾಗಿ ಹೋಗಮ್ಮ,” ಎಂದ.

ಅವಳು ಅವನ ಎರಡೂ ಕೈ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ಅವನಿಗೆ ಆಗಲಿಲ್ಲ.