ಸ್ಟಾರ್ ಆಟಗಾರನನ್ನು ಹೊರಗೆ ಕಳಿಸಿದ ಅಪವಾದ

ಇಪ್ಪತ್ತು ವರ್ಷ ಫುಟ್‌ಬಾಲ್ ಆಡಿ ನಾನು ಹೊಡೆದ ಗೋಲುಗಳು ಮೂರು. ಅದರಲ್ಲೊಂದು ನಮ್ಮ ಗೋಲಿಗೇ ಹೋಯಿತೆಂದು ನೆನಪಿಸುವ ಹಿತೈಷಿಗಳು ಶ್ರೀರಂಗಪಟ್ಟಣದಿಂದ ಪಾಂಡವಪುರದವರೆಗೂ ಇದ್ದಾರೆ. ಆದರೂ ಬಾಬುರಾಯನಕೊಪ್ಪಲಿನ ನಮ್ಮ ತಂಡದಲ್ಲಿ ಸ್ಟ್ರೈಕರ್ ಜಾಗ ನನ್ನದೇ. ಕಾರಣ, ಅಲ್ಲಿ ನಿಂತುಕೊಂಡಿದ್ದರೂ ನಡೆಯುತ್ತದೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ನನಗೆ ಆ ಜಾಗಕ್ಕೊಂದು ಕನ್ನಡ ಹೆಸರು ಸಿಗಲಿಲ್ಲವೆಂಬ ಕೊರಗೂ ಇದೆ. 'ಹೊಡೆಯುವವ' ಎನ್ನೋಣವೆಂದರೆ ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬೇರೆಯೇ ಅರ್ಥ.

ನನಗಿಂತ ಮೊದಲು ಆ ಜಾಗ ಕೆಂಪರಾಜುವಿನದು. ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಕಬ್ಬಿನ ಗದ್ದೆ ಪಕ್ಕದ ಬಯಲಿನಲ್ಲಿ ಬರಿಗಾಲಲ್ಲಿ ಆಡಿ ಕಲಿತು, ಬೆಂಗಳೂರಿನ ಕಾರ್ಖಾನೆಯೊಂದರ ತಂಡ ಸೇರಿದ. ಅಲ್ಲಿಂದ ಗೋವಾ, ಆಮೇಲೆ ಕೋಲ್ಕತ್ತ. ಅವನಪ್ಪ ಸಿದ್ದೇಗೌಡರ ಪಾಲಿಗೆ ಕಬಡ್ಡಿಯೊಂದೇ ಆಟ, ಮಿಕ್ಕಿದ್ದು ದನ ಮೇಯಿಸುವವರ ಕಾಲಹರಣ. ಮಗ ಟೀವಿಯಲ್ಲಿ ಗೋಲು ಹೊಡೆದು ಅಂಗಿ ಬಿಚ್ಚಿ ಬೀಸಿದಾಗ, ಸೆಖೆ ಇರಬೇಕು ಎಂದರಂತೆ.

ಹೋದ ವರ್ಷ ಕೆಂಪ ಊರಿಗೇ ಬಂದುಬಿಟ್ಟ. ಮಂಡಿಗೆ ಎರಡು ಸಲ ಆಪರೇಷನ್ ಆಗಿತ್ತು. ಆದರೂ ನಮ್ಮ ತಂಡಕ್ಕೇ ಆಡುತ್ತೇನೆಂದ. ಊರು ಫ್ಲೆಕ್ಸ್ ಹಾಕಿಸಿತು. ಮಂಡಿಯ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಲಿಲ್ಲ. ನನ್ನ ಅಭಿಪ್ರಾಯವನ್ನೂ ಕೇಳಲಿಲ್ಲ. ಹೊರಗೆ ಕೂತಿರು ಎಂದು ಕ್ಯಾಪ್ಟನ್ ಒಂದೇ ಮಾತಿನಲ್ಲಿ ಮುಗಿಸಿದ. ನಾನು ದೊಡ್ಡವನಂತೆ ನಕ್ಕೆ. ಮನೆಗೆ ಹೋಗಿ ಎರಡು ವಾರ ಹೆಂಡತಿಯ ಮೇಲೆ ರೇಗಾಡಿದೆ.

ಪಂದ್ಯ ನಾಗಮಂಗಲದವರ ಮೇಲೆ. ಜನ್ಮದಲ್ಲೇ ಫುಟ್‌ಬಾಲ್ ನೋಡಲು ಬಂದಿರದ ಸಿದ್ದೇಗೌಡರು ಹೊಸ ಟವೆಲ್ ಹೊದ್ದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಮೊದಲ ಸಲ ಚೆಂಡು ಸಿಕ್ಕಿದಾಗ ಕೆಂಪ ಇಬ್ಬರನ್ನು ತಪ್ಪಿಸಿ ಅದನ್ನು ಕೊಂಡೊಯ್ದ ರೀತಿಗೆ ಬಯಲೆಲ್ಲ ಎದ್ದು ನಿಂತಿತು. ನಮ್ಮ ತಂಡದವರೂ ಆಟ ಮರೆತು ನೋಡುತ್ತ ನಿಂತರು. ಹೊಟ್ಟೆಕಿಚ್ಚು ಮರೆತು ನಾನೂ ಚಪ್ಪಾಳೆ ತಟ್ಟಿದೆ. ಆಮೇಲೆ ಅವನು ನಿಂತ ಜಾಗ ಬಿಟ್ಟು ಕದಲಲಿಲ್ಲ. ದೊಡ್ಡ ಆಟಗಾರರು ಸುಮ್ಮಸುಮ್ಮನೆ ಓಡುವುದಿಲ್ಲ ಎಂದು ಜನ ತಲೆದೂಗಿದರು.

ಅರ್ಧ ಆಟದ ಬಿಡುವಿನಲ್ಲಿ ಅವನು ನನ್ನನ್ನು ಹುಣಸೆಮರದ ಹಿಂದಕ್ಕೆ ಕರೆದ. ಮಂಡಿ ತೆಂಗಿನಕಾಯಿಯಷ್ಟು ಊದಿತ್ತು.

"ಓಡಕ್ಕಾಗಲ್ಲ ಕಣ್ಲಾ. ಕಾಲು ಓಯ್ತು ಅಂತ ನಮ್ಮಪ್ಪನ ಮುಂದೆ ಎಂಗ್ಲಾ ಯೋಳ್ಳಿ? ನೀನೇ ಜಗಳ ತೆಗ್ದು ಜಾಗ ಕಿತ್ಕೊಂಡೆ ಅಂತ ಮಾಡ್ಬುಡು."

ಒಪ್ಪಿದೆ. ನಾಟಕವೆಂದುಕೊಂಡೇ ಬಯಲಿಗೆಲ್ಲ ಕೇಳುವಂತೆ ಕೂಗಿದೆ: "ಇಪ್ಪತ್ತು ವರ್ಸದಿಂದ ಆಡ್ತಾ ಇವ್ನಿ, ಈಗ ನಿಂಗೆ ನೀರು ಕೊಡಕ್ಕೆ ಬಂದಿದ್ದೀನಾ?" ಮಾತು ಬಹಳ ಸಹಜವಾಗಿ ಬಂತು. ಎರಡು ವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡದ್ದು ಅದೇ ತಾನೆ. ಕೆಂಪ ತಲೆ ತಗ್ಗಿಸಿ ಅಂಗಿ ಬಿಚ್ಚಿಕೊಟ್ಟ. ಸಿದ್ದೇಗೌಡರು ಟವೆಲಿನಿಂದ ಮುಖ ಒರೆಸಿಕೊಂಡರು.

ಒಂದು ಗೋಲಿನಿಂದ ಸೋತೆವು. ಗೋಲಿನೆದುರು ನನಗೊಂದು ಅವಕಾಶ ಸಿಕ್ಕಿತ್ತು. ಚೆಂಡು ಕಬ್ಬಿನ ಗದ್ದೆಗೆ ಹೋಯಿತು. ಹುಡುಕಲು ನಾನೇ ಹೋದೆ. ಆಗ ಬೈಗುಳ ಕೇಳಿಸದ ಜಾಗ ಅದೊಂದೇ.

ಆಮೇಲೆ ಟೀ ಅಂಗಡಿಯಲ್ಲಿ ನನಗೆ ಟೀ ಕೊನೆಗೆ ಬರತೊಡಗಿತು. ನನ್ನ ನೀಚತನದ ಕಥೆಯನ್ನು ಹೆಂಡತಿ ಕೆ.ಆರ್. ಪೇಟೆ ಬಸ್ಸಿನಲ್ಲಿ ಕೇಳಿಕೊಂಡು ಬಂದಳು. ಕೆಂಪನಿಗೆ ತಡೆಯಲಾಗಲಿಲ್ಲ. ಒಂದು ದಿನ, ಅಪ್ಪ ಇಲ್ಲದ ಹೊತ್ತು ನೋಡಿ, ಅಂಗಡಿಯಲ್ಲಿ ನಿಂತು ನಿಜ ಹೇಳಿಬಿಟ್ಟ. ಯಾರೂ ನಂಬಲಿಲ್ಲ.

"ಎಂಥಾ ದೊಡ್ ಮನ್ಸ ನೋಡ್ರಪ್ಪ," ಎಂದ ಅಂಗಡಿಯವನು. "ಆ ಮೇಷ್ಟ್ರ ಮಾನ ಉಳ್ಸಕ್ಕೆ ತನ್ ಕಾಲ್ಗೇ ಕೆಟ್ಟೆಸ್ರು ಕಟ್ಕತಾವ್ನೆ."

ಅಲ್ಲಿಗೆ ಕೆಂಪನ ಕೀರ್ತಿ ಇನ್ನೊಂದು ಮೊಳ ಏರಿತು, ನನ್ನದು ಅಷ್ಟೇ ಇಳಿಯಿತು. ಈಗ ಅವನು ತಂಡಕ್ಕೆ ತರಬೇತಿ ಕೊಡುತ್ತಾನೆ.

ಮೊನ್ನೆ ಸಿದ್ದೇಗೌಡರು ಶಾಲೆಯ ಗೇಟಿನ ಬಳಿ ಸಿಕ್ಕಿದರು. ಬೈಯಲಿಕ್ಕೇ ಬಂದರೆಂದು ತಲೆ ತಗ್ಗಿಸಿ ನಿಂತೆ. ಅವರು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು:

"ಸಾಕಿರೋ ಎತ್ತು ಕುಂಟೋದು ನಂಗೊತ್ತಾಗಲ್ವೇನ್ಲಾ? ಅವತ್ತು ನೀನು ಬೈಸ್ಕೊಂಡಿದ್ದು ಒಳ್ಳೇದಾಯ್ತು."

ನನಗೆ ಜೀವ ಬಂದಂತಾಯಿತು. ಹಾಗಾದರೆ ಇದನ್ನೇ ಒಂದು ಸಲ ಟೀ ಅಂಗಡಿಯಲ್ಲಿ ಹೇಳಿಬಿಡಿ ಗೌಡ್ರೇ ಎಂದೆ.

"ಅದಾಗಕಿಲ್ಲ. ನಂಗೊತ್ತದೆ ಅನ್ನೋದು ಅವನ್ಗೆ ಗೊತ್ತಾಗ್ಬಾರ್ದು ಕಣಪ್ಪ," ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ಆವತ್ತಿನಿಂದ ಯಾರು ಏನೆಂದರೂ ನಾನು ಎದುರಾಡುವುದಿಲ್ಲ. ಊರಿಗೆ ಒಬ್ಬ ವೀರ ಬೇಕಾದರೆ ಪಕ್ಕದಲ್ಲಿ ಒಬ್ಬ ಖಳನೂ ಬೇಕು. ಆ ಜಾಗ ಕಿತ್ತುಕೊಳ್ಳಲು ಇದುವರೆಗೆ ಯಾರೂ ಬಂದಿಲ್ಲ.