ಬಂಡಿಯ ಮೂಲೆಗೆ ಸರಿದ ಹುಡುಗಿ

ಮೊನ್ನೆ ಸವದತ್ತಿಯಲ್ಲಿ ಹೆಣ್ಣುಮಕ್ಕಳ ಶಿಬಿರಕ್ಕೆಂದು ಮೇಣದ ಬಳಪಗಳ ಹೊಸ ಡಬ್ಬಿಯನ್ನು ತೆರೆದೆ. ಆ ಜಿಡ್ಡು ವಾಸನೆಯೊಂದಿಗೆ ನಮ್ಮ ಶಾಲೆಯ ಡ್ರಾಯಿಂಗ್ ಅಕ್ಕೋರು ನೆನಪಾದರು...

ಮಲಪ್ರಭೆಯ ದಂಡೆಯ ನಮ್ಮೂರಿನ ಶಾಲೆಯಲ್ಲಿ ಅವರು ಶನಿವಾರ ಹಳೆಯ ಕಾರ್ಟೂನ್ ಸಿನಿಮಾಗಳನ್ನು ತೋರಿಸುತ್ತಿದ್ದರು. ನಡುವೆ ನಿಲ್ಲಿಸಿ, ಟಿ.ವಿ.ಯ ಗಾಜಿನ ಮೇಲೆಯೇ ಕೆಂಪು ಬಳಪದಿಂದ ಗೆರೆ ಎಳೆಯುತ್ತಿದ್ದರು.

“ರಾಜಕುಮಾರಿ ಎಲ್ಲಿ ನಿಂತಾಳ?”

“ಕಿಡಕ್ಯಾಗ್ರಿ.”

“ಬಾಗಲಾ ಎಲ್ಲೈತಿ?”

ಎಷ್ಟು ಹುಡುಕಿದರೂ ಬಾಗಿಲು ಸಿಗಲಿಲ್ಲ. “ಬಾಗಲಾನ ಬರದಿಲ್ಲ, ಆಕಿ ಹೊರಗ ಹ್ಯಾಂಗ ಬರಬೇಕು? ರಾಜಕುಮಾರನ ಕುದರಿಗೆ ನೋಡ್ರಿ, ಅರ್ಧ ಪರದೆ ಬಿಟ್ಟಾರ” ಎಂದರು. ಇನ್ನೊಂದು ಚಿತ್ರದಲ್ಲಿ ನಾಯಕಿ ಮಲಗಿಯೇ ಇದ್ದಳು. “ನಮ್ಮವ್ವ ಅಷ್ಟೊತ್ತು ಮಲಗಿದ್ರ ನಮ್ಮಜ್ಜಿ ನೀರ ಸುರುವತಿದ್ಲರಿ” ಎಂದು ಹಿಂದಿನ ಸಾಲಿನ ಗೆಳತಿ ಅಂದಾಗ ಅಕ್ಕೋರೂ ನಕ್ಕರು. ದೃಶ್ಯದಲ್ಲಿ ಯಾರಿಗೆ ಎಲ್ಲಿ ಜಾಗ ಎಂಬುದನ್ನು ನಿರ್ಧರಿಸಿದಾಗಲೇ, ಯಾರೂ ಬಾಯಿ ತೆರೆಯುವ ಮೊದಲೇ, ಅನ್ಯಾಯ ನಡೆದುಹೋಗಿರುತ್ತದೆ ಎಂಬುದನ್ನು ನಾನು ಕಲಿತದ್ದು ಅವರಿಂದ.

ಆ ವರ್ಷ ಶಾಲೆಯ ಮುಂದಿನ ಗೋಡೆಗೆ ಚಿತ್ರ ಬರೆಯುವುದೆಂದಾಯಿತು. ಅಕ್ಕೋರು ಆರಿಸಿದ್ದು ನನ್ನ ಚಿತ್ರವನ್ನು. ಎಳ್ಳ ಅಮಾವಾಸ್ಯೆಯಂದು ಬೆಳೆದು ನಿಂತ ಹೊಲದಲ್ಲಿ ಭೂಮಿತಾಯಿಗೆ ಅಡುಗೆಯನ್ನು ಎರಚುವ ಚರಗದ ದೃಶ್ಯ ಅದು. ನಮ್ಮ ಕಡೆ ಅಡುಗೆ ಮಾಡಿ, ಹೊತ್ತು ತರುವವರು ಹೆಂಗಸರು. ಚರಗ ಚೆಲ್ಲುವವರು ಗಂಡಸರು. ಅಪ್ಪ ತೀರಿಹೋದ ಮೇಲೆ ನಮ್ಮ ಹೊಲದಲ್ಲಿ ಅವ್ವನೂ ನಾನೂ ಚೆಲ್ಲುತ್ತಿದ್ದೆವು. ಹಾಗಾಗಿ ಚಿತ್ರದ ನಟ್ಟನಡುವೆ ಕೈಯೆತ್ತಿ ನಿಂತವಳು ನಾನೇ. “ಇದ ಆಕಿ ಜಾಗಾ. ಇಲ್ಲಿಂದ ಯಾರೂ ಸರಸಂಗಿಲ್ಲ ಬಿಡವಾ” ಎಂದಿದ್ದರು ಅಕ್ಕೋರು.

ರಜೆ ಮುಗಿಸಿ ಬಂದಾಗ ಗೋಡೆ ಸಿದ್ಧವಾಗಿತ್ತು. ನಡುವೆ ಒಬ್ಬ ಹುಡುಗ ಚರಗ ಚೆಲ್ಲುತ್ತಿದ್ದ. ನಾನು ಬಂಡಿಯ ಮೂಲೆಯಲ್ಲಿ, ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದೆ. ಎತ್ತಿನ ಕೊಂಬು ಅರ್ಧ ಮುಖವನ್ನು ಮುಚ್ಚಿತ್ತು.

“ಸಾಲಿ ಕಮಿಟಿಯವ್ರು ಒಪ್ಪಲಿಲ್ಲ ನೋಡವಾ. ಹೆಣ್ಣ ಚರಗಾ ಚೆಲ್ಲಿದ್ರ ಬೆಳಿ ಬರತೈತೇನು ಅಂದ್ರು” ಎಂದರು ಕುಂಚ ತೊಳೆಯುತ್ತಿದ್ದ ಅಕ್ಕೋರು.

“ನಮ್ಮ ಹೊಲದಾಗ ಬಂದೈತಲ್ರಿ.”

ಅವರು ಕುಂಚ ತೊಳೆಯುತ್ತಲೇ ಇದ್ದರು. “ಹುಡಗೀನ್ನ ಪೂರಾ ತಗೀರಿ ಅಂದಿದ್ರು. ನಾನ ಬಂಡ್ಯಾಗರ ಉಳಿಸೇನಿ.”

ಅದನ್ನು ಅವರು ಉಪಕಾರವೆಂಬಂತೆ ಹೇಳಿದರು. ಕಮಿಟಿಯದು ಅಜ್ಞಾನ, ಅಧಿಕಾರದ ಸೊಕ್ಕು. ಅದಕ್ಕೆ ನಾನು ಸಿದ್ಧಳಾಗಿದ್ದೆ. ಆದರೆ ಮೂಲೆ ಎಂದರೇನೆಂದು ಬಲ್ಲ ಕೈಯೇ ನನ್ನನ್ನು ಮೂಲೆಗೆ ಸರಿಸಿತ್ತು. ಉದ್ಘಾಟನೆಯ ದಿನ ಗೋಡೆಯ ಮುಂದೆ ಕಮಿಟಿಯ ಅಧ್ಯಕ್ಷರು ನಡುವೆ ನಿಂತರು. ಬರೆದ ಅಕ್ಕೋರು ಹಿಂದೆ, ಕಂಬದ ಮರೆಯಲ್ಲಿ. ಅವರ ಹೆಸರನ್ನು ಯಾರೂ ಹೇಳಲಿಲ್ಲ. ಅದೂ ಅನ್ಯಾಯವೇ. ಅದರಿಂದ ನನಗಾದ ದ್ರೋಹವೇನೂ ಸಣ್ಣದಾಗಲಿಲ್ಲ...

ಶಿಬಿರದಲ್ಲಿ ನಾನು ಇಂದಿಗೂ ಅವರ ಪಾಠವನ್ನೇ ಮಾಡುತ್ತೇನೆ. “ನಿಮ್ಮ ಅಕ್ಕೋರ್ನ ಒಮ್ಮೆ ಕರಸ್ರಲಾ” ಎಂದಳು ಒಬ್ಬ ಹುಡುಗಿ. ರಾಮದುರ್ಗಕ್ಕೆ ಹೋಗಿ ನೆಲೆಸಿದ್ದ ಅವರು ಹೋದ ವರ್ಷ ತೀರಿಕೊಂಡರು ಎಂದೆ. ಕರೆಸಬೇಕೆಂದು ನನಗೂ ಇತ್ತು. ನಮ್ಮ ಹೊಲದಲ್ಲಿ ಬೆಳೆ ಬಂದದ್ದು ನಿಮಗೆ ಗೊತ್ತಿತ್ತು, ಆ ಒಂದು ಮಾತನ್ನು ಕಮಿಟಿಯ ಮುಂದೆ ಏಕೆ ಹೇಳಲಿಲ್ಲ ಎಂದು ಕೇಳುವುದಿತ್ತು. ಈಗ ಆ ಸಿಟ್ಟನ್ನು ಕೇಳಿಸಿಕೊಳ್ಳುವವರೂ ಇಲ್ಲ.